ಬೆನ್ನಲ್ಲಿ ಕೂತ ಮಾತು

ಮನುಷ್ಯರು ಆಡದೆ ನುಂಗಿದ ಮಾತೆಲ್ಲ ಬೆನ್ನೆಲುಬಿನ ಸಂದಿಗೆ ಹೋಗಿ ಕೂರುತ್ತಿದ್ದ ಕಾಲವದು. ಬೆನ್ನು ನೀವಿ ಅದನ್ನು ಬಿಡಿಸುವುದು ನಿಂಬೆವ್ವನ ತಾಯಿಯ ಕಾಲಕ್ಕೆ ಅಪರಾಧ; ಪಾಪ, ಆಕೆ ಜೈಲಿನಲ್ಲೇ ತೀರಿಕೊಂಡಳು. ಈಗ ಅದೇ ಕಸುಬಿಗೆ ಕಾಲೇಜಿದೆ, ಲೈಸೆನ್ಸಿದೆ, ಒಂದು ಕಟ್ಟಳೆಯೂ ಇದೆ: ಬೆನ್ನು ಬಿಟ್ಟ ಮಾತು ನೀವುವವರ ಕಿವಿಗೆ ಬೀಳಕೂಡದು. ಅದಕ್ಕೇ ಕಿವಿಗೆ ಹತ್ತಿ.

ನಿಂಬೆವ್ವನನ್ನು ಲೈಸೆನ್ಸಿಗೆ ಪರೀಕ್ಷಿಸಲು ಬಂದ ಕಮತಗಿ ಸಾಹೇಬರು ಬೆಂಚಿನ ಮೇಲೆ ಬೋರಲು ಮಲಗಿದರು. ನಿಂಬೆವ್ವ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ ಬೆರಳು ಹರಿಯಬಿಟ್ಟಳು. ಹೆಗಲ ಕೆಳಗೆ ಹಳೆಯ ಗಂಟೊಂದು ಸಿಕ್ಕಿತು. ಒತ್ತಿದ್ದೇ ತಡ, ಮಾತು ತುಂಬಿಯಂತೆ ಹಾರಿ ಕಿಟಕಿಯ ಬಿಸಿಲಿನಲ್ಲಿ ಗುಂಯ್‌ಗುಟ್ಟಿತು.

"ನಿಮ್ಮವ್ವನ್ನ ಪೊಲೀಸರಿಗೆ ಹಿಡಿಸಿಕೊಟ್ಟವ ನಾನ. ತಪ್ಪಾತು."

ಹತ್ತಿ ಅದನ್ನು ತಡೆಯಲಿಲ್ಲ. ಸುಮ್ಮನಿದ್ದರೆ ಲೈಸೆನ್ಸು ಸಿಗುತ್ತದೆ, ನಿಜ. ಆದರೆ ನುಂಗಿದ ಉತ್ತರ ತನ್ನ ಬೆನ್ನಿಗೇ ಬಂದು ಕೂರುತ್ತದಲ್ಲ!

"ಅವ್ವ ಯಾರ ಮ್ಯಾಲೂ ಸಿಟ್ಟಿಟ್ಕೊಂಡು ಹೋಗಲಿಲ್ರೀ ಸಾಹೇಬ್ರ," ಎಂದುಬಿಟ್ಟಳು.

ಸಾಹೇಬರು ಎದ್ದು ಕೂತರು. ಬಟ್ಟಲಿನಿಂದ ಹತ್ತಿ ತೆಗೆದು ತಮ್ಮ ಎರಡೂ ಕಿವಿಗೆ ತುರುಕಿಕೊಂಡರು.

"ಏನಂದ್ರಿ ನಿಂಬೆವ್ವಾರ? ನನಗೇನೂ ಕೇಳಿಸ್ಲಿಲ್ಲ," ಎನ್ನುತ್ತ ಲೈಸೆನ್ಸಿಗೆ ಸಹಿ ಹಾಕಿದರು.