ಚಿಕ್ಕುವಿನ ಜಾಗ

ಹಾಡುಗಾರ್ತಿ ಗಿಟಾರನ್ನು ಚೀಲಕ್ಕೆ ಇಳಿಸುವಷ್ಟರಲ್ಲಿ ಪೊರಕೆ ಹಿಡಿದ ಹೆಂಗಸೊಬ್ಬಳು ವೇದಿಕೆಯ ಹತ್ತಿರ ಬಂದಳು. ಕಾರ್ಮಿಕರ ಸಂಘದ ಸಭಾಂಗಣ ಆಗಲೇ ಖಾಲಿಯಾಗಿತ್ತು.

"ಆ ಹಾಡಲ್ಲಿ ನನ್ನ ಮಗನ ಹೆಸರೂ ಸೇರಿಸ್ತೀಯಾ, ತಾಯಿ?"

ಯಾವ ಹಾಡೆಂದು ಹಾಡುಗಾರ್ತಿ ಕೇಳಬೇಕಿರಲಿಲ್ಲ. ದೂರದ ನಗರಗಳಿಗೆ ಕಟ್ಟಡ ಕಟ್ಟಲು ಹೋಗಿ ಸುದ್ದಿಯೇ ಇಲ್ಲದವರ ಮೇಲೆ ಅವಳೇ ಕಟ್ಟಿದ ಹಾಡು ಅದು. 'ಚಿಕ್ಕೂ, ಬಾಗಿಲು ತೆರೆದೇ ಇದೆ' ಎಂದು ಪಲ್ಲವಿ. ಚಿಕ್ಕು ಅವಳ ತಮ್ಮ. ಯಾವುದೋ ಊರಿನಲ್ಲಿ, ಯಾರದೋ ಮೊಬೈಲಿನಲ್ಲಿ ಅವನು ಇದನ್ನು ಕೇಳಿಯಾನು ಎಂಬ ಆಸೆಯಿಂದಲೇ ಅವಳು ಊರೂರು ಸುತ್ತುತ್ತಿದ್ದಳು. ಹೋದಲ್ಲೆಲ್ಲ ಯಾರಾದರೊಬ್ಬರು ಹೀಗೇ ಬಂದು ನಿಲ್ಲುತ್ತಿದ್ದರು. ಅವಳು ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದಳು.

"ಅಮ್ಮಾ, ಅಲ್ಲಿ ಒಂದೇ ಹೆಸರಿಗೆ ಜಾಗ ಇರೋದು. ಇನ್ನೊಂದು ಸೇರಿಸಿದ್ರೆ ತಾಳ ತಪ್ಪುತ್ತೆ."

"ಹೌದಾ?" ಹೆಂಗಸು ಯೋಚಿಸಿದಳು. "ಹಾಗಾದ್ರೆ ಆ ಚಿಕ್ಕುನ ಸ್ವಲ್ಪ ಪಕ್ಕಕ್ಕೆ ಕೂರಿಸು. ನಮ್ಮವನದೂ ಪುಟ್ಟ ಹೆಸರೇ. ಮುದ್ದು. ಒಂದೇ ಒಂದು ಸಲ. ಆಮೇಲೆ ಅವನ ಜಾಗ ಅವನಿಗೇ."

ಹಾಡುಗಾರ್ತಿ ಗಿಟಾರನ್ನು ಮತ್ತೆ ತೆಗೆದಳು. 'ಮುದ್ದೂ' ಎಂದು ಕರೆಯುವಾಗ, ತಮ್ಮನನ್ನು ತಾನೇ ಕೈ ಹಿಡಿದು ಹೊರಗೆ ನಿಲ್ಲಿಸಿ ಬಂದಂತೆ ಅನಿಸಿತು. ಹೆಂಗಸು ಮಾತ್ರ ಪೊರಕೆಯನ್ನು ಎದೆಗೆ ಒರಗಿಸಿಕೊಂಡು, ಹಾಡು ಮುಗಿಯುವ ತನಕ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಆ ಚಿಕ್ಕು ಯಾರು? ಸಿಕ್ಕಿದ್ನಾ?"

"ನನ್ನ ತಮ್ಮ. ಇನ್ನೂ ಇಲ್ಲ."

"ಅಯ್ಯೋ, ನಾನು ನಿನ್ನ ತಮ್ಮನ್ನೇ ಜಾಗದಿಂದ ಎಬ್ಬಿಸಿಬಿಟ್ನಾ!" ಹೆಂಗಸು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವಳ ಗಲ್ಲ ಸವರಿ, "ಬರ್ತಾರೆ ಬಿಡು. ಇಬ್ಬರೂ ಒಂದೇ ಕಡೆ ಇದ್ರೂ ಇರಬಹುದು, ಯಾರಿಗೆ ಗೊತ್ತು" ಎಂದು ಕುರ್ಚಿಗಳ ಕೆಳಗೆ ಗುಡಿಸತೊಡಗಿದಳು.

ಮುಂದಿನ ಊರಿನಲ್ಲಿ ಸಭಾಂಗಣ ತುಂಬಿತ್ತು. ಪಲ್ಲವಿ ಬಂದಾಗ ಹಾಡುಗಾರ್ತಿ ಹೆಸರು ಹೇಳಲಿಲ್ಲ. ಆ ಜಾಗದಲ್ಲಿ ಗಿಟಾರ್ ಮಾತ್ರ ನುಡಿಯಿತು. "ನಿಮ್ಮವರನ್ನ ನೀವೇ ಕರೀರಿ" ಎಂದಳು. ಮೊದಲ ಸಲ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಸಲ ಹಿಂದಿನ ಸಾಲಿನಿಂದ ಮುದುಕನೊಬ್ಬ ಒಂದು ಹೆಸರು ಕೂಗಿದ. ಅಷ್ಟೇ, ಆಮೇಲೆ ಎಲ್ಲ ಸಾಲುಗಳಿಂದಲೂ ಹೆಸರುಗಳು ಎದ್ದವು; ತಾಳ ಎತ್ತ ಹೋಯಿತೋ ಯಾರಿಗೂ ಬೇಕಿರಲಿಲ್ಲ. ಆ ಗದ್ದಲದಲ್ಲಿ, ಮೈಕಿನಿಂದ ಮುಖ ತಿರುಗಿಸಿ 'ಚಿಕ್ಕೂ' ಎಂದು ಹಾಡುಗಾರ್ತಿ ಕರೆದ ದನಿ ಅವಳಿಗೇ ಕೇಳಿಸಲಿಲ್ಲ.