ಶೆಟ್ಟಿ ಗೊಂಬೆಯ ಪತ್ರಿಕೆ

ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಗೊಂಬೆಪೆಟ್ಟಿಗೆ ತೆರೆದಾಗ ಬಂದ ಬಜೆಬೇರಿನ ವಾಸನೆಯಿಂದ ವಿಶಾಖಪಟ್ಟಣದ ಒಂದು ವಿಜಯದಶಮಿ ನನ್ನ ನೆನಪಿಗೆ ಬಂದಿದೆ.

ನನ್ನ ತಂದೆಯವರು ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದರು. ಪ್ರತಿ ದಸರೆಗೂ ಅಂಗೈಗಿಂತ ಚಿಕ್ಕದಾದ ಹಾಸ್ಯಪತ್ರಿಕೆಯೊಂದನ್ನು ಬರೆದು, ಗೊಂಬೆಸಾಲಿನಲ್ಲಿ ಅಂಗಡಿ ಇಟ್ಟು ಕೂತ ಶೆಟ್ಟಿ ಗೊಂಬೆಗೆ ಓದಲೆಂದು ಮುಂದಿಡುತ್ತಿದ್ದರು. ಆ ವರ್ಷದ ಮುಖ್ಯ ಸುದ್ದಿ: "ಮ್ಯಾನೇಜರ್ ಎಚ್ಚರಗೊಂಡರು, ಗ್ರಾಹಕರಲ್ಲಿ ಗಾಬರಿ."

ದಶಮಿಯ ಮಧ್ಯಾಹ್ನ, ಸದರಿ ಮ್ಯಾನೇಜರರೇ ಸಂಜೆ ಗೊಂಬೆ ನೋಡಲು ಬರುವರೆಂದು ತಿಳಿಯಿತು.

"ಅಮ್ಮಾ, ಹರಿದುಹಾಕು. ಅವರೂ ನಮ್ಮ ಹಾಗೆ ಮೈಸೂರು ಕಡೆಯವರು, ಕನ್ನಡ ಓದಿಬಿಡ್ತಾರೆ. ನನ್ನನ್ನ ಯಾವ ಊರಿಗೆ ಎತ್ತಿ ಹಾಕ್ತಾರೋ!" ಎಂದರು ತಂದೆಯವರು.

"ಹಿಂದಿನ ವರ್ಷಗಳದ್ದೆಲ್ಲ ಜೋಪಾನವಾಗಿದೆ. ಇದೊಂದನ್ನ ಯಾಕೋ ಹರೀಲಿ?" ಎಂದ ಅಜ್ಜಿ, ಹುಳು ಹಿಡಿಯದಂತೆ ಬಜೆಚೂರು ಸೇರಿಸಿ ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಶೆಟ್ಟಿಯನ್ನು ಮಲಗಿಸಿಬಿಟ್ಟರು. ಒಂದು ಗೊಂಬೆಯನ್ನು ಮಲಗಿಸಿ ಹಬ್ಬ ಮುಗಿಸುವುದು ನಮ್ಮ ಪದ್ಧತಿ; ಆದರೆ ಅದು ರಾತ್ರಿಯ ಆರತಿಯ ನಂತರ.

ಸಂಜೆ ಬಂದ ಮ್ಯಾನೇಜರರು ಶೆಟ್ಟಿಯತ್ತಲೇ ಕೈ ಚಾಚಿದರು. "ಇವನೇನು ಇಷ್ಟು ಬೇಗ ಮಲಗಿದಾನೆ?"

"ಎಬ್ಬಿಸಬೇಡಿ ಮ್ಯಾನೇಜರ್‌ಗಾರೂ," ಎಂದರು ಅಜ್ಜಿ. "ಮಲಗಿದೋರು ದಿಢೀರಂತ ಎದ್ದರೆ ಜನ ಗಾಬರಿ ಬೀಳ್ತಾರೆ."

ತಂದೆಯವರು ತಟ್ಟನೆ ಕಾಫಿ ಲೋಟವನ್ನು ಮುಂದೆ ಹಿಡಿದರು. ಮ್ಯಾನೇಜರರು ನಕ್ಕು ಕೈ ಹಿಂತೆಗೆದುಕೊಂಡರು.

ಆ ಪತ್ರಿಕೆಯ ಒಂದಕ್ಷರವನ್ನೂ ಹುಳು ಮುಟ್ಟಿಲ್ಲ. ಹೊಸ ಬಜೆಬೇರನ್ನು ತರಿಸಲಾಗಿದೆ.