ಸೊಂಟ ಇಪ್ಪತ್ತನಾಲ್ಕು

ಇಪ್ಪತ್ತನಾಲ್ಕು. ಟೇಲರಮ್ಮ ಟೇಪು ಸರಿಮಾಡಿ ಮತ್ತೊಮ್ಮೆ ಹಿಡಿದಳು. ಇಪ್ಪತ್ತನಾಲ್ಕೇ.

ಗಂಡನ ಕೆಲಸದ ಚೀಲದಲ್ಲಿ, ಸ್ಪ್ಯಾನರುಗಳ ಅಡಿಯಲ್ಲಿ, ಪೇಪರು ಸುತ್ತಿದ ಹೊಸ ಟಾಪ್ ಸಿಕ್ಕಿತ್ತು. ಹಳದಿ ಬಣ್ಣ, ಕತ್ತಿನ ಸುತ್ತ ಪುಟ್ಟ ಹೂಗಳು. ಮೂವತ್ತಾರು ಸೊಂಟದ ಹೆಂಡತಿಗೆ ತಂದದ್ದಂತೂ ಅಲ್ಲ. ಅದೂ ಹೋಗಲಿ, ಟೇಲರಿನ ಗಂಡ ರೆಡಿಮೇಡ್ ಅಂಗಡಿಯ ಮೆಟ್ಟಿಲು ಹತ್ತಿದ್ದನಲ್ಲ, ಆ ಅವಮಾನವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಊರಿನ ಹೆಂಗಸರ ಅಳತೆಯೆಲ್ಲ ಅವಳ ಪುಸ್ತಕದಲ್ಲಿತ್ತು. ಶಾಲೆಯ ಯೂನಿಫಾರ್ಮ್ ಪುಟಗಳನ್ನು ಸರಸರನೆ ಮಗುಚಿ ದೊಡ್ಡವರ ಪುಟಕ್ಕೆ ಬಂದಳು. ಬ್ಯಾಂಕಿನ ಮೇಡಂ, ಇಪ್ಪತ್ತೆಂಟು. ಅಲ್ಲ. ನರ್ಸಮ್ಮ, ಮೂವತ್ತು. ಅದೂ ಎರಡು ವರ್ಷದ ಹಿಂದಿನ ಮಾತು, ಈಗ ಕೇಳಲೇಬೇಡಿ. ಸಂಗೀತದ ಟೀಚರ್, ಇಪ್ಪತ್ತಾರು. ಉಸಿರು ಬಿಗಿಹಿಡಿದರೆ ಹಿಡಿಸೀತು. ಮೊನ್ನೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಆ ಟೀಚರ್ ಇವನಿಗೆ ಫೋನ್ ಮಾಡಿದ್ದಳು. ಇವನು ಹಲ್ಲುಕಿರಿದುಕೊಂಡು ಮಾತಾಡಿದ್ದ. ಟೇಲರಮ್ಮನ ಹೊಟ್ಟೆಗೆ ಕಿಚ್ಚು ಬಿತ್ತು.

ಗಂಡ ನೀರಿನ ಟ್ಯಾಂಕಿನ ಪಂಪ್ ಆಪರೇಟರ್. ಮೂರು ವಾರಗಳಿಂದ ಊಟದ ಡಬ್ಬಿಗೆ ಎರಡರಷ್ಟು ತುಂಬಿಸಿಕೊಂಡು ಹೋಗುತ್ತಿದ್ದ. ಕೇಳಿದರೆ, "ಯಾಕೋ ಹಸಿವು ಜಾಸ್ತಿ ಕಣೇ" ಎನ್ನುತ್ತಿದ್ದ. ಹಸಿದು ತಿನ್ನುವವನ ಪ್ಯಾಂಟು ಮಾತ್ರ ಒಂದು ದಾರದಷ್ಟೂ ಬಿಗಿಯಾಗಿರಲಿಲ್ಲ. ಅಳತೆಯ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳುವುದುಂಟೇ? ಟಾಪನ್ನು ಇದ್ದಂತೆಯೇ ಮಡಿಚಿ ಚೀಲದೊಳಗೆ ಇಟ್ಟಳು.

ಫೋನು ಟಿಣ್ ಎಂದಿತು. 'ಊರ ಕಿವಿ' ಗ್ರೂಪು. ಕಳೆದ ತಿಂಗಳು ಬಣ್ಣದಂಗಡಿಯವನನ್ನು ಅವನ ಗೋದಾಮಿನಲ್ಲೇ ಯಾರೋ ಕೊಂದಿದ್ದರು. ಅವನ ಮನೆಯಲ್ಲಿದ್ದ ಅಕ್ಕನ ಮಗಳು, ಹದಿನಾರು ವರ್ಷದವಳು, ಅದೇ ಸಂಜೆಯಿಂದ ಕಾಣೆ. ಪೊಲೀಸರಿಗೆ ಏನೂ ಗೊತ್ತಾಗಿರಲಿಲ್ಲ. ಗ್ರೂಪಿಗೆ ಎಲ್ಲವೂ ಗೊತ್ತಿತ್ತು. "ಹುಡುಗಿಯೇ ಕೊಂದು ಓಡಿದ್ದು, ಬರೆದಿಟ್ಟುಕೊಳ್ಳಿ" ಎಂದಿದ್ದರು ರಿಟೈರ್ಡ್ ಮೇಷ್ಟ್ರು. "ಕೆರೆ ಹುಡುಕಿಸಿ" ಎಂದಿದ್ದ ಬೇಕರಿಯವನು. ಯಾರದೋ ಬೆನ್ನಿನ ಫೋಟೋ ಹಾಕಿ "ಇವಳೇ" ಎಂದಿದ್ದಳು ಬ್ಯೂಟಿ ಪಾರ್ಲರಿನವಳು. ಗಂಡನಿಗೆ ಈ ಗ್ರೂಪು ಕಂಡರೆ ಆಗುತ್ತಿರಲಿಲ್ಲ.

ಆ ಹುಡುಗಿಯನ್ನು ಹುಡುಕಲೆಂದೇ ಗ್ರೂಪು ಕಟ್ಟಿದವನು ಮೊಬೈಲ್ ರಿಪೇರಿಯವನು. ಎದುರಿಗೆ ಸಿಕ್ಕರೂ ಈಗ ಎಲ್ಲರೂ ಅವನನ್ನು ಅಡ್ಮಿನ್ ಎಂದೇ ಕರೆಯುತ್ತಿದ್ದರು. ಟೇಲರಮ್ಮನಿಗೆ ಅವನೆಂದರೆ ಅಭಿಮಾನ. ಗ್ರೂಪು ಶುರುವಾದ ದಿನ, ಅಂಗಡಿ ಶಟರಿಗೆ ಸಿಕ್ಕಿತೆಂದು, ಮೂರು ಗುಂಡಿ ಕಿತ್ತುಹೋದ ಅಂಗಿ ಹಿಡಿದು ಬಂದಿದ್ದ. ಹೊಗೆಬಣ್ಣದ ಆ ಗುಂಡಿಗೆ ಜೋಡಿ ಸಿಗದೆ ಅವಳು ಏಳನ್ನೂ ಬದಲಿಸಿ, ಉಳಿದ ನಾಲ್ಕನ್ನು ತನ್ನ ಡಬ್ಬಿಗೆ ಹಾಕಿಕೊಂಡಿದ್ದಳು. "ಅಕ್ಕಾ, ನಿಮ್ಮ ಕೈಗುಣ ಯಾರಿಗೂ ಬರಲ್ಲ ಬಿಡಿ" ಎಂದಿದ್ದ. ಗಂಡ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಂಥ ಮಾತಾಡಿದವನಲ್ಲ.

ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಗಂಡನ ಹಿಂದೆಯೇ ಹೋದಳು. ಅವನು ಟ್ಯಾಂಕು ದಾಟಿ, ಯಾರೂ ಬಳಸದ ಹಳೇ ಪಂಪ್‌ಹೌಸಿಗೆ ನಡೆದ. ಬಾಗಿಲು ಎರಡು ಸಲ ತಟ್ಟಿದ. ಒಳಗಿನಿಂದ ಚಿಲಕ ಸರಿಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಹಳದಿ ತೋಳು ಕಂಡಿತು. ಕಿಲಕಿಲ ನಗು ಕೇಳಿತು. ಗಂಡನೂ ನಕ್ಕ. ಮನೆಯಲ್ಲಿ ಅವನು ಹಾಗೆ ನಕ್ಕು ಎಷ್ಟು ಕಾಲವಾಯಿತು! ಅವಳ ಮೈಯೆಲ್ಲ ಉರಿಯಿತು.

ಅಲ್ಲೇ ನಿಂತು ಅಡ್ಮಿನ್‌ಗೆ ಬರೆದಳು: "ಹಳೇ ಪಂಪ್‌ಹೌಸಲ್ಲಿ ನನ್ನ ಗಂಡ ಯಾವಳನ್ನೋ ಇಟ್ಕೊಂಡಿದಾನೆ. ಫೋಟೋ ತೆಗೆದು ಗ್ರೂಪಲ್ಲಿ ಹಾಕಪ್ಪ. ಊರೆಲ್ಲ ಉಗೀಲಿ."

ಉತ್ತರ ಕೂಡಲೇ ಬಂತು. "ಚಿಕ್ಕ ವಯಸ್ಸಿನವಳಾ ಅಕ್ಕಾ?"

"ಸೊಂಟ ಇಪ್ಪತ್ತನಾಲ್ಕು!"

"ಯಾರಿಗೂ ಹೇಳ್ಬೇಡಿ. ಗ್ರೂಪಲ್ಲೂ ಬೇಡ, ನಿಮ್ಮ ಮರ್ಯಾದೆ ಪ್ರಶ್ನೆ. ನಾನೊಬ್ಬನೇ ಹೋಗಿ ನೋಡ್ತೀನಿ."

ಎಂಥ ಮರ್ಯಾದಸ್ಥ, ಎಂದುಕೊಂಡಳು ಟೇಲರಮ್ಮ. ಅಂಗಡಿಗೆ ಬಂದು ಎರಡು ದಿಂಬಿನ ಕವರು ಹೊಲಿದು ಮುಗಿಸಿದಳು. ಮನಸ್ಸು ಹಗುರವಾಗಿತ್ತು.

ಐದು ಗಂಟೆಗೆ ಗಂಡ ಬಂದ.

"ಯಾರ್ರೀ ಅವಳು, ಹಳದಿ ಟಾಪಿನವಳು?"

ಅವನು ಹೌಹಾರಿ ಬಾಗಿಲು ಮುಚ್ಚಿದ. ಸ್ಟೂಲಿನ ಮೇಲೆ ಕುಳಿತ.

"ಮೆತ್ತಗೆ ಮಾತಾಡು. ಬಣ್ಣದಂಗಡಿಯವರ ಅಕ್ಕನ ಮಗಳು. ಕೊಲೆಯಾದ ಮಾರನೇ ದಿನ ಬೆಳಿಗ್ಗೆ ಟ್ಯಾಂಕಿನ ಕೆಳಗೆ ನಡುಗ್ತಾ ಕೂತಿತ್ತು ಕೂಸು. ಬಣ್ಣದ ಡ್ರಮ್ಮಿನ ಹಿಂದಿಂದ ಎಲ್ಲಾ ನೋಡಿದಾಳೆ ಕಣೇ. ಕೊಂದವನ ಬೆನ್ನು ಮಾತ್ರ ಕಂಡಿದೆ. ಆದ್ರೆ ಒಬ್ಬಳು ಅಲ್ಲಿದ್ದಳು ಅಂತ ಅವನಿಗೆ ಗೊತ್ತು. ಹುಡುಕ್ತಾ ಇರ್ತಾನೆ. ಇಲ್ಲಿನ ಸ್ಟೇಷನ್ನಿಗೆ ಹೇಳಿದ್ರೆ ಸಂಜೆಗೆ ಅದು ನಿಮ್ಮ ಗ್ರೂಪಲ್ಲಿರುತ್ತೆ. ನಾಳೆ ಅವಳ ಚಿಕ್ಕಮ್ಮ ಬರ್ತಾರೆ, ದೊಡ್ಡ ಪೊಲೀಸ್ ಆಫೀಸರ್ ಹತ್ರ ಕರ್ಕೊಂಡು ಹೋಗ್ತಾರೆ. ಇದೊಂದು ರಾತ್ರಿ ಕಳೆದ್ರೆ ಸಾಕು."

ಟೇಲರಮ್ಮ ಪುಸ್ತಕ ಎಳೆದುಕೊಂಡು, ಬೆಳಿಗ್ಗೆ ಮಗುಚಿಹಾಕಿದ್ದ ಯೂನಿಫಾರ್ಮ್ ಪುಟ ತೆರೆದಳು. ಹತ್ತನೇ ಕ್ಲಾಸು, ಬಣ್ಣದಂಗಡಿ ಮನೆ. ಸೊಂಟ ಇಪ್ಪತ್ತನಾಲ್ಕು.

"ನನಗೊಂದು ಮಾತು ಹೇಳಬಾರದಾಗಿತ್ತಾ?" ಎಂದಳು.

ಗಂಡ ಅವಳ ಕೈಯಲ್ಲಿದ್ದ ಫೋನನ್ನು ನೋಡಿದ. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೆಷೀನಿನ ಮೇಲೆ ಬಿಚ್ಚಿದ.

"ಇವತ್ತು ಕೊಟ್ಟಳು, ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದಳು. ಸತ್ತ ಮಾವನ ಮುಷ್ಟಿಯಲ್ಲಿತ್ತಂತೆ, ಕೊಂದವನ ಅಂಗಿಯಿಂದ ಕಿತ್ತದ್ದು. ನೀನು ಈ ಕೆಲಸದವಳು, ಏನಾದ್ರೂ ಗೊತ್ತಾಗುತ್ತಾ ನೋಡು."

ಮೂರು ಗುಂಡಿ. ಹೊಗೆಬಣ್ಣ.

ಟೇಲರಮ್ಮ ಡಬ್ಬಿ ಸುರುವಿ, ನಾಲ್ಕನ್ನು ಹೆಕ್ಕಿ ಪಕ್ಕಕ್ಕಿಟ್ಟಳು. ಏಳೂ ಒಂದೇ ಸಾಲಾಗಿ ನಿಂತವು. "ಓಡ್ರೀ..." ಎಂದು ಅವಳು ಕಿರುಚುವಷ್ಟರಲ್ಲಿ ಫೋನು ಟಿಣ್ ಎಂದಿತು.

"ಹೋಗಿ ನೋಡ್ಕೊಂಡು ಬಂದೆ ಅಕ್ಕಾ. ನೆಮ್ಮದಿಯಾಗಿರಿ. ಅಲ್ಲಿ ಈಗ ಯಾರೂ ಇಲ್ಲ."